ಕಾರಿನ ರೇಡಾರ್ ಕೈಕೊಟ್ಟಾಗ ಮೊದಲು ಎಲ್ಲಿ ನೋಡಬೇಕು?

ಮುಂದಿನ ರೇಡಾರ್‌ಗೆ ಏನೋ ಅಡ್ಡವಾಗಿದೆ ಎಂಬ ಸಂದೇಶ ಡ್ಯಾಶ್‌ಬೋರ್ಡ್‌ನಲ್ಲಿ ಮೂಡಿ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ (ಮುಂದಿನ ವಾಹನಕ್ಕೆ ತಕ್ಕಂತೆ ಕಾರಿನ ವೇಗವನ್ನು ತಾನೇ ಹೊಂದಿಸುವ ವ್ಯವಸ್ಥೆ) ನಿಂತುಹೋಯಿತೇ? ರೇಡಾರ್ ಎಂದರೆ ರೇಡಿಯೊ ಅಲೆ ಕಳಿಸಿ, ಅದು ತಾಗಿ ಮರಳುವುದರಿಂದ ಎದುರಿನ ವಾಹನವನ್ನು ಗುರುತಿಸುವ ಸೆನ್ಸರ್. ಅದೇ ಸುಟ್ಟುಹೋಯಿತು ಎಂಬ ತೀರ್ಮಾನಕ್ಕೆ ಬರಬೇಡಿ. ಆ ಭಾಗ ದುಬಾರಿ. ಅದನ್ನು ಬದಲಿಸುವ ಮಾತು ಎಲ್ಲಕ್ಕಿಂತ ಕೊನೆಗೆ ಬರಲಿ. ಮೊದಲು ರೇಡಾರ್‌ನ ಮುಂದೆ ಏನಿದೆ ಎಂದು ನೋಡಿ, ಆಮೇಲೆ ಅದು ಯಾವ ಕಡೆ ಮುಖ ಮಾಡಿದೆ ಎಂದು, ಅದಾದ ಮೇಲೆ ವೈರು.

ರೇಡಾರ್ ಎಲ್ಲಿದೆ ಎಂಬುದೇ ಹಲವರಿಗೆ ಗೊತ್ತಿರುವುದಿಲ್ಲ. ಮುಂದಿನದು ಕಂಪನಿಯ ಲೋಗೊ ಹಿಂದೆ ಅಥವಾ ಬಂಪರ್‌ನ ಕೆಳಗಿನ ಗ್ರಿಲ್‌ನಲ್ಲಿ ಇರುತ್ತದೆ. ನುಣುಪಾದ ಕಪ್ಪು ಚೌಕದಂತೆ ಕಾಣುತ್ತದೆ. ಬ್ಲೈಂಡ್ ಸ್ಪಾಟ್ (ಕನ್ನಡಿಯಲ್ಲಿ ಕಾಣದ ಜಾಗ) ನೋಡಿಕೊಳ್ಳುವ ಎರಡು ರೇಡಾರ್‌ಗಳು ಹಿಂದಿನ ಬಂಪರ್‌ನ ಮೂಲೆಗಳ ಒಳಗಿರುತ್ತವೆ, ಹೊರಗಿನಿಂದ ಕಾಣುವುದಿಲ್ಲ. ಬಂಪರ್ ಮೇಲಿನ ದುಂಡನೆಯ ಗುಂಡಿಗಳು ಪಾರ್ಕಿಂಗ್ ಸೆನ್ಸರ್‌ಗಳು, ಅವು ಶಬ್ದದ ಅಲೆಯಿಂದ ಕೆಲಸ ಮಾಡುವಂಥವು. ಹೋಂಡಾ ಸಿಟಿ ಹೈಬ್ರಿಡ್‌ನಂಥ ಕಾರುಗಳಲ್ಲಿ ಮುಂದೆ ರೇಡಾರ್ ಇರುವುದೇ ಇಲ್ಲ, ಮುಂದಿನ ಗಾಜಿನ ಒಳಗಿರುವ ಕ್ಯಾಮೆರಾವೇ ಎಲ್ಲ. ನಿಮ್ಮ ಕಾರಿನ ಮ್ಯಾನ್ಯುಯಲ್‌ನಲ್ಲಿ ಚಿತ್ರ ಇರುತ್ತದೆ, ಒಮ್ಮೆ ನೋಡಿಟ್ಟುಕೊಳ್ಳಿ.

ಮೊದಲು ಒರೆಸಿ

ಈಗಿನ ಕಾರುಗಳ ಮುಂದಿನ ರೇಡಾರ್ ಸಾಮಾನ್ಯವಾಗಿ 77 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಅದರ ಅಲೆಯ ಉದ್ದ ಸುಮಾರು 4 ಮಿಲಿಮೀಟರ್. ಪ್ಲಾಸ್ಟಿಕ್ ಮೂಲಕ ಈ ಅಲೆ ಸಲೀಸಾಗಿ ಹಾದುಹೋಗುತ್ತದೆ, ನೀರಿನಲ್ಲಿ ಮಾತ್ರ ಸೊರಗುತ್ತದೆ. ಹಾಗಾಗಿ ಒಣ ಧೂಳಿಗಿಂತ ಒದ್ದೆ ಕೆಸರೇ ದೊಡ್ಡ ಶತ್ರು. ಮಳೆಗಾಲದಲ್ಲಿ ಮಲೆನಾಡಿನ ಕಡೆ ಹೋಗಿ ಬಂದವರು ಮನೆಗೆ ಬಂದ ಕೂಡಲೇ ಆ ಚೌಕವನ್ನು ಸೋಪು ನೀರು, ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಪಾಲಿಶ್ ಬೇಡ, ಕೆರೆಯುವುದಂತೂ ಬೇಡವೇ ಬೇಡ. ವಾಟರ್ ಸರ್ವಿಸ್‌ನವರು ಪ್ರೆಶರ್ ಗನ್ನನ್ನು ಅದರ ಹತ್ತಿರಕ್ಕೆ ತರದಂತೆ ಹೇಳಿ. ಜೋರು ಮಳೆಯಲ್ಲಿ ತಾನಾಗಿ ಬಂದ್ ಆಗಿ, ಮಳೆ ಕಡಿಮೆಯಾದ ಮೇಲೆ ತಾನಾಗಿ ಸರಿಹೋದರೆ ಅದು ದೋಷವಲ್ಲ.

ಆಯುಧಪೂಜೆಯ ದಿನ ಇನ್ನೊಂದು ಎಚ್ಚರ. ಲೋಗೊ ಹಿಂದೆ ರೇಡಾರ್ ಇರುವ ಕಾರಿನಲ್ಲಿ ಅರಿಶಿನ, ಕುಂಕುಮ, ಗಂಧ ಹಚ್ಚುವುದು ಆ ಲೋಗೊದ ಮೇಲೆಯೇ. ಗ್ರಿಲ್‌ಗೆ ಅಡ್ಡಲಾಗಿ ಚೆಂಡುಹೂವಿನ ಹಾರ, ಬಂಪರ್‌ನ ಎರಡೂ ಬದಿಗೆ ಬಾಳೆಕಂದು. ಹಸಿ ಹೂವು, ಹಸಿ ಬಾಳೆಯಲ್ಲಿ ಇರುವುದು ಹೆಚ್ಚಾಗಿ ನೀರೇ. ಕುಂಕುಮವನ್ನು ಬಾನೆಟ್‌ಗೆ ಹಚ್ಚಿ, ಹೆದ್ದಾರಿಗೆ ಇಳಿಯುವ ಮೊದಲು ಹಾರ, ಕಂದು ಬಿಚ್ಚಿಡಿ. ಪೂಜೆಗೂ ಕೊರತೆಯಿಲ್ಲ, ರೇಡಾರ್‌ಗೂ ತೊಂದರೆಯಿಲ್ಲ.

ಆಮೇಲೆ ಹಾಕಿಸಿದ್ದು ಏನೇನು?

ಕ್ರೋಮ್ ಪಟ್ಟಿ, ಸ್ಟಿಕರ್, ಅಗಲವಾದ ನಂಬರ್ ಪ್ಲೇಟ್ ಫ್ರೇಮ್, ಕಬ್ಬಿಣದ ಬುಲ್ ಗಾರ್ಡ್: ರೇಡಾರ್ ಎದುರಿಗೆ ಇವ್ಯಾವುವೂ ಇರಕೂಡದು. ಲೋಗೊ ಒಡೆದರೆ ಕಂಪನಿಯದ್ದನ್ನೇ ಹಾಕಿಸಿ. ಅದು ಲೋಹದಂತೆ ಹೊಳೆದರೂ ಅಲೆ ಹಾದುಹೋಗುವ ಹಾಗೆ ಮಾಡಿರುತ್ತಾರೆ. ಅಂಗಡಿಯ ಕ್ರೋಮ್ ಲೋಗೊಗೆ ಆ ಗುಣ ಇರುತ್ತದೆಂದು ನಂಬುವಂತಿಲ್ಲ.

ನನಗೆ ಹೆಚ್ಚು ಕಳವಳ ತರುವುದು ಡೆಂಟಿಂಗ್-ಪೇಂಟಿಂಗ್ ಕೆಲಸ. 1999ರಲ್ಲಿ ಮರ್ಸಿಡಿಸ್ ಎಸ್-ಕ್ಲಾಸ್‌ನಂಥ ಶ್ರೀಮಂತರ ಕಾರಿಗೆ ಬಂದ ರೇಡಾರ್ 2021ರಲ್ಲಿ ಮಹೀಂದ್ರ ಎಕ್ಸ್‌ಯುವಿ 700ಗೂ ಬಂತು. ಈಗ ಅಂಥ ಕಾರುಗಳು ಬಡಾವಣೆಯ ಗ್ಯಾರೇಜಿಗೂ ಬರುತ್ತಿವೆ. ಬೈಕು ಉಜ್ಜಿದ ಹಿಂದಿನ ಬಂಪರ್‌ನ ಮೂಲೆಗೆ ಪುಟ್ಟಿ ತುಂಬಿ, ಹಳೆಯ ಬಣ್ಣದ ಮೇಲೆಯೇ ಮೆಟಾಲಿಕ್ ಬಣ್ಣ ಹೊಡೆದು ಕೊಟ್ಟರೆ ನೋಡಲು ಹೊಸದರಂತೆ ಇರುತ್ತದೆ. ಆದರೆ ಆ ಪುಟ್ಟಿಯ ಹಿಂದೆಯೇ ರೇಡಾರ್ ಇದೆ. ದಪ್ಪ ಹೆಚ್ಚಾದಂತೆ ಅಲೆ ದುರ್ಬಲವಾಗುತ್ತದೆ, ದಿಕ್ಕೂ ಬದಲಾಗುತ್ತದೆ. ರೇಡಾರ್ ಎದುರಿನ ಜಾಗದಲ್ಲಿ ಪುಟ್ಟಿ ಬೇಡ, ಬಂಪರ್ ಬದಲಿಸಿ ಎಂದೇ ಅನೇಕ ಕಂಪನಿಗಳ ರಿಪೇರಿ ಸೂಚನೆ ಹೇಳುತ್ತದೆ. ಗ್ಯಾರೇಜಿನವರಿಗೆ ಕೆಲಸ ಶುರುವಾಗುವ ಮೊದಲೇ ಇದನ್ನು ತಿಳಿಸಿ.

ಒಂದು ಡಿಗ್ರಿ ಓರೆಯಾದರೆ

ಪಾರ್ಕಿಂಗ್‌ನಲ್ಲಿ ಗೋಡೆಗೆ ಮೆಲ್ಲಗೆ ತಾಗಿದ್ದಕ್ಕೇ ರೇಡಾರ್ ಹಿಡಿದಿಡುವ ಬ್ರ್ಯಾಕೆಟ್ ಬಾಗಬಹುದು, ಬಂಪರ್ ಮೇಲೆ ಗೀರೂ ಇರಲಿಕ್ಕಿಲ್ಲ. ರೇಡಾರ್ ಬರೀ 1 ಡಿಗ್ರಿ ಓರೆಯಾದರೆ 100 ಮೀಟರ್ ದೂರದಲ್ಲಿ ಅದರ ನೋಟ ಸುಮಾರು 1.75 ಮೀಟರ್ ಪಕ್ಕಕ್ಕೆ ಸರಿಯುತ್ತದೆ. ನಮ್ಮ ಹೆದ್ದಾರಿಯ ಒಂದು ಲೇನ್‌ನ ಅಗಲ 3.5 ಮೀಟರ್. ಅಂದರೆ ಅರ್ಧ ಲೇನ್ ತಪ್ಪಿದಂತೆ! ಪಕ್ಕದ ಲೇನ್‌ನ ಲಾರಿಗೆ ನಿಮ್ಮ ಕಾರು ಬ್ರೇಕ್ ಹಾಕುವುದು, ಎದುರಿಗಿರುವ ಕಾರನ್ನು ತಡವಾಗಿ ಗುರುತಿಸುವುದು ಇದರ ಲಕ್ಷಣ. ಸಣ್ಣ ವ್ಯತ್ಯಾಸವನ್ನು ಅನೇಕ ರೇಡಾರ್‌ಗಳು ಓಡುತ್ತಲೇ ತಾವೇ ಸರಿಪಡಿಸಿಕೊಳ್ಳುತ್ತವೆ, ಮಿತಿ ಮೀರಿದರೆ ಎಚ್ಚರಿಕೆಯ ದೀಪ ಹೊತ್ತಿಸುತ್ತವೆ. ಹಾಗೆಂದು ದೀಪ ಹೊತ್ತಿಲ್ಲವಲ್ಲ ಎಂದು ಈ ಲಕ್ಷಣಗಳನ್ನು ಕಡೆಗಣಿಸಬೇಡಿ.

ಆದರೆ ವೇಗವಾಗಿ ಹೋಗುವಾಗ ನಿಂತ ವಾಹನವನ್ನು ಗುರುತಿಸದಿದ್ದರೆ ಓರೆಯಾಗಿದೆ ಎಂದು ಹೇಳಲಾಗದು. ಸೇತುವೆ, ಬೋರ್ಡುಗಳಿಂದಲೂ ಪ್ರತಿಧ್ವನಿ ಬರುವುದರಿಂದ ಅನೇಕ ರೇಡಾರ್‌ಗಳು ನಿಂತ ವಸ್ತುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಡಿಮೆ. ಅಲ್ಲಿ ಬ್ರೇಕ್ ನಿಮ್ಮ ಕಾಲಿನದೇ ಕೆಲಸ.

ಸ್ಕ್ಯಾನರ್, ವೈರು, ಕ್ಯಾಲಿಬ್ರೇಶನ್

ಒರೆಸಿದರೂ ದೀಪ ಆರದಿದ್ದರೆ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಉಪಕರಣ) ಹಾಕಿಸಿ. ಯು0235 ಎಂಬ ಕೋಡ್ ಬಂದರೆ ಮುಂದಿನ ರೇಡಾರ್ ಜತೆ ಸಂಪರ್ಕ ಕಡಿದಿದೆ ಎಂದರ್ಥ. ಅದು ಸೆನ್ಸರ್ ಸತ್ತಿದೆ ಎಂಬ ಸರ್ಟಿಫಿಕೇಟ್ ಅಲ್ಲ. ಫ್ಯೂಸ್, ಕನೆಕ್ಟರ್‌ನ ಪಿನ್‌ಗಳಿಗೆ ಹಿಡಿದ ಹಸಿರು ತುಕ್ಕು, ಇಲಿ ಕಡಿದ ವೈರು, ಸೊರಗಿದ ಬ್ಯಾಟರಿ ಎಲ್ಲವನ್ನೂ ನೋಡಿಸಿ. ಕಾರಣ ಹುಡುಕದೆ ಕೋಡ್ ಅಳಿಸಿ ಕಳಿಸಿದರೆ ಒಪ್ಪಬೇಡಿ.

ಬಂಪರ್ ಬಿಚ್ಚಿ ಹಾಕಿದ್ದರೆ, ರೇಡಾರ್ ಅಥವಾ ಬ್ರ್ಯಾಕೆಟ್ ಬದಲಿಸಿದ್ದರೆ ಕ್ಯಾಲಿಬ್ರೇಶನ್ (ರೇಡಾರ್‌ನ ದಿಕ್ಕನ್ನು ಅಳೆದು ಸರಿಹೊಂದಿಸುವುದು) ಬೇಕೇ ಎಂದು ಕೇಳಲೇಬೇಕು. ಟಯರ್ ಗಾಳಿ, ವೀಲ್ ಅಲೈನ್‌ಮೆಂಟ್ ಮೊದಲು ಸರಿಯಾಗಲಿ. ಕಾರು ಚಲಿಸುವ ದಿಕ್ಕೇ ಓರೆಯಿದ್ದರೆ ರೇಡಾರ್ ನೇರ ನೋಡಿ ಪ್ರಯೋಜನವಿಲ್ಲ. ಕೆಲವು ಕಾರುಗಳಿಗೆ ಸಮತಟ್ಟಾದ ನೆಲದಲ್ಲಿ ಅಳತೆ ಹಿಡಿದು, ಎದುರಿಗೆ ಲೋಹದ ಪ್ರತಿಫಲಕ ಇಟ್ಟು ಮಾಡುತ್ತಾರೆ. ಇನ್ನು ಕೆಲವಕ್ಕೆ ಸ್ಕ್ಯಾನರ್ ಜೋಡಿಸಿಕೊಂಡು ರಸ್ತೆಯಲ್ಲಿ ಓಡಿಸಬೇಕು. ಎರಡೂ ಬೇಕಾಗುವ ಕಾರುಗಳೂ ಇವೆ. ಕಣ್ಣಂದಾಜಿನಲ್ಲಿ ಸ್ಕ್ರೂ ತಿರುಗಿಸುವ ಕೆಲಸ ಇದಲ್ಲ.

ಇನ್ಶೂರೆನ್ಸ್ ಕ್ಲೇಮ್ ಇದ್ದರೆ ಸರ್ವೇಯರ್ ಬಂದಾಗಲೇ ಎಸ್ಟಿಮೇಟ್‌ನಲ್ಲಿ ಕ್ಯಾಲಿಬ್ರೇಶನ್ ಖರ್ಚನ್ನೂ ಸೇರಿಸಲು ಹೇಳಿ. ಕಾರು ವಾಪಸ್ ಪಡೆಯುವಾಗ ಅದರ ವರದಿಯ ಪ್ರಿಂಟ್ ಕೇಳಿ ಪಡೆದು, ಬಿಲ್ಲಿನ ಜತೆಗೇ ಇಟ್ಟುಕೊಳ್ಳಿ.