ಬಾಸಿಂಗ ಎಂಬ ಪದದ ಮೂಲವನ್ನು ಹುಡುಕುವ ಬಗೆ

ಮದುವೆಯಲ್ಲಿ ವಧೂವರರ ಹಣೆಗೆ ಕಟ್ಟುವ ಬಾಸಿಂಗಕ್ಕೆ ಆ ಹೆಸರು ಹೇಗೆ ಬಂದಿತೆಂದು ತಿಳಿಯಬಯಸುವವರು ವಸ್ತುವನ್ನು ಚೆನ್ನಾಗಿ ನೋಡಿದ ಮೇಲೆಯೇ ನಿಘಂಟನ್ನು ತೆರೆಯಬೇಕು. ಕಿರೀಟದಂತೆ ಇದನ್ನು ತಲೆಯ ಮೇಲೆ ಇಡುವುದಿಲ್ಲ. ಬೆಂಡು, ಮುತ್ತು, ಜರಿ ಅಥವಾ ಹೂಗಳಿಂದ ಮಾಡಿದ್ದನ್ನು ಹಣೆಗೆ ಹೊಂದಿಸಿ, ಎರಡು ತುದಿಗಳ ದಾರವನ್ನು ತಲೆಯ ಹಿಂದೆ ಬಿಗಿಯುತ್ತಾರೆ. ಕಟ್ಟುವ ಈ ಕ್ರಮವನ್ನು ನೆನಪಿನಲ್ಲಿಡಿ, ಪದದ ಹಳೆಯ ಅರ್ಥ ಸಿಕ್ಕಾಗ ಅದು ನೆರವಾಗುತ್ತದೆ.

ಆಮೇಲೆ 1894ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟನ್ನೂ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನೂ ತೆಗೆದುಕೊಂಡು, ‘ಬಾಸಿಂಗ’ವನ್ನಷ್ಟೇ ನೋಡಿ ನಿಲ್ಲಿಸದೆ, ಸೊನ್ನೆಯಿಲ್ಲದ ‘ಬಾಸಿಗ’ ರೂಪವನ್ನೂ ಹುಡುಕಿ. ಹಳಗನ್ನಡದಲ್ಲಿ ಬಾಸಿಗವೆಂದರೆ ಹೂಮಾಲೆ, ಮುಡಿಗೆ ಸುತ್ತುವ ಹೂದಂಡೆ. ಯಾವ ಸಂದರ್ಭದಲ್ಲಾದರೂ ಮುಡಿಯಬಹುದಾಗಿದ್ದ ಹೂವಿನ ಹೆಸರು ಮದುವೆಯ ಒಡವೆಯೊಂದಕ್ಕೆ ಮೀಸಲಾದ ಬಗೆಯನ್ನು ಪರಿಷತ್ತಿನ ನಿಘಂಟು ಉದಾಹರಿಸುವ ಪ್ರಯೋಗಗಳ ಬಲದಿಂದಲೇ ಕಾಣಬೇಕು. ನನ್ನ ಮಟ್ಟಿಗೆ ಇಡೀ ಹುಡುಕಾಟದಲ್ಲಿ ಅತ್ಯಂತ ಬೆಲೆಯುಳ್ಳ ಭಾಗ ಇದೇ.

ನೆರೆಯ ಭಾಷೆಗಳನ್ನೂ ಕೇಳಿ. ತೆಲುಗಿನಲ್ಲಿ ಇದು ಬಾಸಿಕಂ, ಮರಾಠಿಯಲ್ಲಿ ಬಾಶಿಂಗ್. ಬ್ರೌನ್ ಅವರ ತೆಲುಗು ನಿಘಂಟು ಮತ್ತು ಮೋಲ್ಸ್‌ವರ್ತ್ ಅವರ ಮರಾಠಿ ನಿಘಂಟು ಇದಕ್ಕೆ ಸಾಕು. ಆದರೆ ಸೊನ್ನೆ ಇರುವುದು, ಇಲ್ಲದಿರುವುದು ಇಷ್ಟರಿಂದಲೇ ಯಾವ ರೂಪ ಹಳೆಯದೆಂದು ನಿರ್ಣಯಿಸಬೇಡಿ. ತೋಂಟ ತೋಟವಾದಂತೆ, ದಾಂಟು ದಾಟು ಆದಂತೆ ಕನ್ನಡದಲ್ಲಿ ಅನುಸ್ವಾರ ಬಿದ್ದುಹೋದ ಪದಗಳು ಹಲವಿರುವುದರಿಂದ, ಕಾಲವನ್ನು ಹೇಳಬೇಕಾದದ್ದು ಬಳಕೆಯ ದಾಖಲೆಯೇ ಹೊರತು ಕಾಗುಣಿತವಲ್ಲ.

ಪದವನ್ನು ‘ಭಾಸ’ ಮತ್ತು ‘ಅಂಗ’ ಎಂದು ಒಡೆದು, ಹೊಳೆಯುವ ಅಂಗವೆಂದು ಅರ್ಥ ಹೇಳುವ ಆಸೆ ಹುಟ್ಟಬಹುದು. ಅದನ್ನು ದಯವಿಟ್ಟು ಬಿಡಿ. ಆ ಎರಡು ಪದಗಳು ಸಂಧಿಯಾದರೆ ‘ಭಾಸಾಂಗ’ವಾಗುತ್ತದೆ, ನಡುವಿನ ಇಕಾರಕ್ಕೆ ಅಲ್ಲಿ ಕಾರಣವೇ ಇಲ್ಲ, ಹೂಮಾಲೆಯೆಂಬ ಹಳೆಯ ಅರ್ಥವೂ ಅದಕ್ಕೆ ಹೊಂದುವುದಿಲ್ಲ.

ಕೊನೆಗೆ ನುಡಿಗಟ್ಟುಗಳನ್ನು ಸೇರಿಸಿಕೊಳ್ಳಿ. ಮದುವೆ ಕೂಡಿಬರುವ ಯೋಗಕ್ಕೆ ನಮ್ಮಲ್ಲಿ ‘ಬಾಸಿಂಗಬಲ’ ಎನ್ನುತ್ತಾರೆ. ಮದುವೆಗೆ ಆತುರಪಡುವವರನ್ನು ಮರಾಠಿಯಲ್ಲಿ ಮೊಣಕಾಲಿಗೆ ಬಾಶಿಂಗ್ ಕಟ್ಟಿಕೊಂಡವರು ಎನ್ನುತ್ತಾರೆ. ಇಂಥ ಮಾತುಗಳನ್ನು ಬರೆದುಕೊಳ್ಳುವಾಗ ಊರಿನ ಹೆಸರನ್ನೂ, ಅಲ್ಲಿ ಬಾಸಿಂಗವನ್ನು ಯಾವುದರಿಂದ ಮಾಡುತ್ತಾರೆಂಬುದನ್ನೂ ಪಕ್ಕದಲ್ಲೇ ಗುರುತಿಸಿ.