ಒಂದೇ ಕಾರ್ಡ್, ನಾಲ್ಕು ಕೈ

ರಾತ್ರಿ ಮೊಬೈಲ್‌ಗೆ ಬಂದ ಸಂದೇಶದಲ್ಲಿದ್ದ ಮೊತ್ತ ತೀರಾ ಚಿಕ್ಕದು. ಮಗಳು ಯಾವುದೋ ಆ್ಯಪ್‌ಗೆ ಕಟ್ಟಿರಬೇಕು ಎಂದುಕೊಂಡು ಮಲಗಿದೆ. ಬೆಳಿಗ್ಗೆ ಎದ್ದರೆ ಅದೇ ಅಪರಿಚಿತ ಹೆಸರಿನಲ್ಲಿ ಮೂರು ದೊಡ್ಡ ಖರೀದಿಗಳು! ಕದ್ದ ಕಾರ್ಡ್ ನಡೆಯುತ್ತದೆಯೇ ಎಂದು ನೋಡಲು ಮೊದಲು ಚಿಲ್ಲರೆ ಮೊತ್ತವನ್ನೇ ಎಳೆಯುತ್ತಾರೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಕಾರ್ಡಿನ ಹಿಂಬದಿಯಲ್ಲಿ ಮುದ್ರಿಸಿದ್ದ ಸಂಖ್ಯೆಗೇ ಕರೆ ಮಾಡಿ ಬ್ಲಾಕ್ ಮಾಡಿಸಿದೆ. ಅಂತರ್ಜಾಲದಲ್ಲಿ ಹುಡುಕಿದರೆ ನಕಲಿ ಸಹಾಯವಾಣಿಗಳೂ ಸಿಗುತ್ತವೆ. ದೂರಿನ ಸಂಖ್ಯೆ ಬರೆದುಕೊಂಡು, ಅದೇ ವಿವರವನ್ನು ಇಮೇಲ್‌ನಲ್ಲೂ ಕಳುಹಿಸಿದೆ. ಹಣ ಮರಳಲು ವಾರಗಳೇ ಹಿಡಿದವು.

ಅಷ್ಟರಲ್ಲಿ ನಾನು ಮನೆಯೊಳಗೆ ಹುಡುಕಿದೆ. ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಕಾರ್ಡಿನ ಎರಡೂ ಬದಿಯ ಫೋಟೊ ಸಿಕ್ಕಿತು. ಮಾವನವರು ಬಿಲ್ ಕಟ್ಟಲೆಂದು ಕೇಳಿದಾಗ ನಾನೇ ಹಾಕಿದ್ದೆ. ಹದಿನಾರು ಅಂಕಿಗಳು, ಅವಧಿ ಮುಗಿಯುವ ತಿಂಗಳು, ಹಿಂಬದಿಯ ಮೂರಂಕಿಯ ರಹಸ್ಯ ಸಂಖ್ಯೆಯಾದ ಸಿವಿವಿ, ಎಲ್ಲವೂ ನಾಲ್ಕು ಮೊಬೈಲ್‌ಗಳ ಗ್ಯಾಲರಿಯಲ್ಲಿ ಎರಡು ವರ್ಷಗಳಿಂದ ಕುಳಿತಿದ್ದವು. ಸೋರಿದ್ದು ಅಲ್ಲಿಂದಲೇ ಎನ್ನಲು ಪುರಾವೆಯಿಲ್ಲ. ಆದರೂ ಅಂದು ನನಗಾದ ಸಂಕಟ ಹೇಳತೀರದು. ಅಂಗಡಿಯ ಯಂತ್ರದಲ್ಲಿ ಕಾರ್ಡಿನ ಚಿಪ್ ಪ್ರತಿ ವ್ಯವಹಾರಕ್ಕೂ ಹೊಸ ಸಂಕೇತ ರಚಿಸುವುದರಿಂದ ಅದನ್ನು ನಕಲು ಮಾಡುವುದು ಕಷ್ಟ. ಆನ್‌ಲೈನ್‌ನಲ್ಲಿ ಆ ರಕ್ಷಣೆ ಇಲ್ಲ. ಒಟಿಪಿ ಕೇಳದ ತಾಣಗಳಲ್ಲಿ ಅಚ್ಚಾದ ಅಂಕಿಗಳೇ ಸಾಕು.

ಫೋಟೊಗಳನ್ನು ಗುಂಪಿನಿಂದ, ಗ್ಯಾಲರಿಯಿಂದ, ಬ್ಯಾಕಪ್‌ನಿಂದಲೂ ಅಳಿಸಿದೆವು. ಈಗ ಪ್ರತಿಯೊಬ್ಬರಿಗೂ ಬೇರೆ ಆಡ್-ಆನ್ ಕಾರ್ಡ್, ಅಂದರೆ ನನ್ನ ಖಾತೆಗೇ ಸೇರಿದ ಹೆಚ್ಚುವರಿ ಕಾರ್ಡ್ ಇದೆ. ನಮ್ಮ ಬ್ಯಾಂಕ್ ಅದಕ್ಕೆ ಪ್ರತ್ಯೇಕ ಸಂಖ್ಯೆ ಕೊಡುತ್ತದೆ, ಮಿತಿಯನ್ನೂ ಬೇರೆಯಾಗಿ ಇಡಬಹುದು. ಯಾರ ಕಾರ್ಡಿನಲ್ಲಿ ಏನಾಯಿತೆಂದು ತಕ್ಷಣ ತಿಳಿಯುತ್ತದೆ. ಆನ್‌ಲೈನ್ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಮುಚ್ಚಿಟ್ಟು, ಬೇಕಾದಾಗ ತೆರೆದು ಮತ್ತೆ ಮುಚ್ಚುತ್ತೇವೆ. ತಿಂಗಳ ಚಂದಾಗಳಿಗೆ ಮಾತ್ರ ಕಡಿಮೆ ಮಿತಿಯ ಒಂದು ಕಾರ್ಡ್ ಸದಾ ತೆರೆದಿರುತ್ತದೆ.

ಕರೆ ಮಾಡಿದವರಿಗೆಲ್ಲ ಒಟಿಪಿ ಹೇಳಬಾರದೆಂದು ಮಾವನವರನ್ನು ಒಪ್ಪಿಸುವುದಕ್ಕೇ ಹೆಚ್ಚು ಸಮಯ ಹಿಡಿಯಿತು. ಬ್ಯಾಂಕಿನವನೆಂದು ಹೇಳಿಕೊಂಡವನೊಬ್ಬ ಅವರಿಗೆ ಕರೆ ಮಾಡಿದ್ದ. “ನನ್ನ ಕಾರ್ಡಿನ ಮೊದಲ ಆರು ಅಂಕಿ ಸರಿಯಾಗಿ ಹೇಳಿದನಲ್ಲಮ್ಮ, ಬ್ಯಾಂಕಿನವನಲ್ಲದಿದ್ದರೆ ಹೇಗೆ ಗೊತ್ತಾಗುತ್ತದೆ?” ಎಂದರು. ಅವರ ಕಾರ್ಡನ್ನೂ ನನ್ನದನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. “ಮಾವ, ಎರಡನ್ನೂ ಓದಿ.” ಬೆರಳಿಟ್ಟು ಓದುತ್ತಾ ಆರನೇ ಅಂಕಿಯವರೆಗೂ ಬಂದರು. ಎರಡರಲ್ಲೂ ಅವೇ ಅಂಕಿಗಳು. ಯಾವ ಬ್ಯಾಂಕಿನ ಯಾವ ಬಗೆಯ ಕಾರ್ಡ್ ಎಂಬುದನ್ನಷ್ಟೇ ಅವು ಹೇಳುತ್ತವೆ. ಸಾವಿರಾರು ಜನರ ಕಾರ್ಡಿನಲ್ಲಿ ಅವೇ ಇರುತ್ತವೆ. “ಹಾಗಾದರೆ ಅವನು ನನ್ನದೇನನ್ನೂ ಹೇಳಿಯೇ ಇಲ್ಲ” ಎಂದವರು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಅಂದಿನಿಂದ ಯಾರು ಒಟಿಪಿ ಕೇಳಿದರೂ ಕರೆ ಕತ್ತರಿಸಿ, ಕಾರ್ಡಿನ ಹಿಂದಿನ ಸಂಖ್ಯೆಗೆ ತಾವೇ ಕರೆ ಮಾಡುತ್ತಾರೆ.

ತಿಂಗಳ ಸ್ಟೇಟ್‌ಮೆಂಟ್ ಬಂದ ದಿನ ಎಲ್ಲರೂ ಒಟ್ಟಿಗೆ ಕುಳಿತು ಸಾಲುಸಾಲಾಗಿ ಓದುತ್ತೇವೆ. ಪ್ರತಿ ಸಾಲಿಗೂ ಯಾರಾದರೊಬ್ಬರು “ನನ್ನದು” ಎನ್ನಬೇಕು. ಯಾರೂ ಎನ್ನದಿದ್ದರೆ ಅಂದೇ ಬ್ಯಾಂಕಿಗೆ ಕರೆ. ಕಳೆದ ತಿಂಗಳು, ರದ್ದು ಮಾಡಿದ್ದ ಚಂದಾ ಮತ್ತೆ ಕಡಿತವಾಗಿದ್ದನ್ನು ಹಿಡಿದವರು ಮಾವನವರೇ.