ಲೋಲಕ ಜಾಸ್ತಿ ವಾಲಿದಾಗ ನಾನು ಲೆಕ್ಕ ಹಾಕುವ ಬಗೆ

ಲೋಲಕದ ಪಾಠದಲ್ಲಿ ಎಲ್ಲರಿಗೂ ನೆನಪಿರುವ ಮಾತು ಒಂದೇ: ಎಷ್ಟು ವಾಲಿಸಿದರೂ ಒಮ್ಮೆ ಹೋಗಿ ಬರುವ ಸಮಯ ಅಷ್ಟೇ. ಸಣ್ಣ ವಾಲಿಗೆ ಅದು ಸರಿ, ದೊಡ್ಡದಕ್ಕೆ ಅಲ್ಲ. ಬದಿಯಡ್ಕದ ನಮ್ಮ ಮನೆಗೆ ಪಾಠಕ್ಕೆ ಬರುವ ಬಿ.ಟೆಕ್ ಮಕ್ಕಳಿಗೆ ನಾನ್‌ಲೀನಿಯರ್ ಕಂಪನವನ್ನು (ಹಿಂದಕ್ಕೆ ಎಳೆಯುವ ಬಲ ಸರಿದ ದೂರದ ಅನುಪಾತದಲ್ಲಿ ಇಲ್ಲದ ಕಂಪನ) ನಾನು ಇಲ್ಲಿಂದಲೇ ಶುರು ಮಾಡುತ್ತೇನೆ.

ಜಗಲಿಯ ಪಕ್ಕಾಸಿಗೆ ನೂಲಿನಲ್ಲಿ ಒಂದು ಕಿಲೋ ತೂಕದ ಬಟ್ಟು ಕಟ್ಟಿದ್ದೇನೆ. ಗಂಟಿನಿಂದ ಬಟ್ಟಿನ ನಡುವಿನವರೆಗೆ 1 ಮೀಟರ್. 60 ಡಿಗ್ರಿ ವಾಲಿಸಲು ಕೋನಮಾಪಕ ಬೇಡ. ನೂಲು ಬಿಗಿಯಾಗಿರುವಾಗ ಬಟ್ಟು 50 ಸೆಂಟಿಮೀಟರ್ ಮೇಲೆ ಬಂದರೆ 60 ಡಿಗ್ರಿ ಆಯಿತು, ಯಾಕೆಂದರೆ 60ರ ಕೊಸೈನ್ ಅರ್ಧ. ಗೋಡೆಯಲ್ಲಿ ಒಂದು ಗೆರೆ ಸಾಕು. ಸಮಯವನ್ನು ಫೋನಿನ ಸ್ಲೋ ಮೋಷನ್ ವಿಡಿಯೊದಲ್ಲಿ ನೋಡುತ್ತೇವೆ. ಮೊದಲ ತೂಗನ್ನೇ ಅಳೆಯಬೇಕು, ಆಮೇಲೆ ವಾಲು ಇಳಿಯುತ್ತಾ ಹೋಗುತ್ತದೆ.

ಸಣ್ಣ ವಾಲಿನ ಸೂತ್ರ 2.01 ಸೆಕೆಂಡ್ ಕೊಡುತ್ತದೆ. ಈಗ ಹಾರ್ಮೋನಿಕ್ ಬ್ಯಾಲೆನ್ಸ್, ಅಂದರೆ ಉತ್ತರವನ್ನು ಕೊಸೈನ್ ಎಂದು ಊಹಿಸಿ ಒಂದೇ ಆವೃತ್ತಿಯ ಪದಗಳನ್ನು ಸರಿದೂಗಿಸುವ ವಿಧಾನ. ಲೋಲಕದ ಚಲನೆಯ ಸಮೀಕರಣದಲ್ಲಿ ಕೋನದ ಸೈನ್ ಇರುವಲ್ಲಿ ಕೋನವನ್ನು ಬರೆದು, ಅದರ ಘನದ ಆರನೇ ಒಂದು ಪಾಲು ಕಳೆಯಿರಿ. ಉತ್ತರ ಒಂದೇ ಒಂದು ಕೊಸೈನ್ ಎಂದು ಹಿಡಿಯಿರಿ. ಕೊಸೈನ್‌ನ ಘನ ಎರಡಾಗಿ ಒಡೆಯುತ್ತದೆ: ಮುಕ್ಕಾಲು ಪಾಲು ಅದೇ ಕೊಸೈನ್, ಕಾಲು ಪಾಲು ಮೂರು ಪಟ್ಟು ಆವೃತ್ತಿಯದ್ದು. ಆ ಕಾಲು ಪಾಲನ್ನು ಸದ್ಯ ಬಿಟ್ಟು ಉಳಿದದ್ದನ್ನು ಸರಿದೂಗಿಸಿ. ಸಣ್ಣ ವಾಲಿನ ಆವೃತ್ತಿಯ ವರ್ಗವನ್ನು ಗುಣಿಸಬೇಕಾದ ಸಂಖ್ಯೆ ಸಿಗುತ್ತದೆ: ಒಂದರಿಂದ ವಾಲಿನ ವರ್ಗದ ಎಂಟನೇ ಒಂದು ಪಾಲು ಕಳೆದದ್ದು. 60 ಡಿಗ್ರಿ ಅಂದರೆ 1.047 ರೇಡಿಯನ್. ಸಮಯ ಶೇ. 7.7 ಜಾಸ್ತಿ ಬರುತ್ತದೆ. ಎಲಿಪ್ಟಿಕ್ ಇಂಟಿಗ್ರಲ್ ಎಂಬ ಉದ್ದದ ಲೆಕ್ಕ ಹಾಕಿದ ನಿಖರ ಉತ್ತರ ಶೇ. 7.3. ಅರ್ಧ ಪುಟದ ಲೆಕ್ಕಕ್ಕೆ ಇಷ್ಟು ಹತ್ತಿರ! ನನಗೆ ಈ ವಿಧಾನದ ಮೇಲೆ ಪ್ರೀತಿ ಹುಟ್ಟಿದ್ದೇ ಇದರಿಂದ.

ಇದನ್ನೇ ಆವೃತ್ತಿಯನ್ನು ಹಾಗೇ ಇಟ್ಟು ಸುಮ್ನೆ ಸರಣಿಯಾಗಿ ಬಿಡಿಸಲು ಹೋದರೆ ಸಮಯದಿಂದ ಗುಣಿಸಿದ ಸೈನ್ ಒಂದು ಬಂದು ಕೂರುತ್ತದೆ. ಯಾರೂ ತಳ್ಳದೆ ವಾಲು ಬೆಳೆಯುತ್ತಲೇ ಹೋಗಬೇಕಾಗುತ್ತದೆ, ಅದು ಆಗುವ ಮಾತಲ್ಲ. ಖಗೋಳದ ಲೆಕ್ಕದಲ್ಲಿ ಇದೇ ತೊಡಕು ಕಂಡ ಸ್ವೀಡನ್ನಿನ ಲಿಂಡ್‌ಸ್ಟೆಡ್ 1880ರ ದಶಕದಲ್ಲಿ ಆವೃತ್ತಿಯನ್ನೂ ಸರಣಿಯಾಗಿ ಬರೆದರು. ಬೆಳೆಯುವ ಪದ ಸೊನ್ನೆಯಾಗುವಂತೆ ಅದನ್ನು ಆರಿಸಿದರು. ಫ್ರಾನ್ಸಿನ ಗಣಿತಜ್ಞ ಪಾಯಿಂಕರೆ ಅದನ್ನು ಮುಂದುವರಿಸಿದರು.

ಆದರೆ ಈ ದಾರಿಗೆ ಮೊದಲೇ ಒಂದು ಲೀನಿಯರ್ ಆವೃತ್ತಿ, ಅಂದರೆ ಸಣ್ಣ ವಾಲಿನ ಸೂತ್ರ ಕೊಡುವಂಥದ್ದು, ಬೇಕು. ಎರಡು ಸ್ಪ್ರಿಂಗ್‌ಗಳನ್ನು ಎಳೆಯದೆ ಒಂದೇ ಸಾಲಿನಲ್ಲಿಟ್ಟು, ನಡುವಿನ ತೂಕವನ್ನು ನಯವಾದ ಮೇಜಿನ ಮೇಲೆ ಸ್ವಲ್ಪ ಅಡ್ಡಕ್ಕೆ ಸರಿಸಿ ನೋಡಿ. ಬಲ ಬರೀ ಘನದ್ದು, ಲೀನಿಯರ್ ಭಾಗವೇ ಇಲ್ಲ. ಲಿಂಡ್‌ಸ್ಟೆಡ್ ಅವರ ಸರಣಿಗೆ ಕಾಲೂರಲು ಜಾಗವಿಲ್ಲ. ಹಾರ್ಮೋನಿಕ್ ಬ್ಯಾಲೆನ್ಸ್ ಅಲ್ಲೂ ನಿಲ್ಲುತ್ತದೆ: ಆವೃತ್ತಿಯ ಸೂತ್ರದಲ್ಲಿ ಅದು ಕೊಡುವ ಗುಣಾಂಕ 0.866, ನಿಖರವಾದದ್ದು 0.847.

"ಮಾಷ್ಟ್ರೇ, ಬಿಟ್ಟ ಕಾಲು ಪಾಲು ಎಲ್ಲಿ ಹೋಯಿತು?" ಎಂದು ಒಬ್ಬಳು ಕೇಳಿದಳು. ಕೇಳಲೇಬೇಕಾದ ಪ್ರಶ್ನೆ, ಅಲ್ವಾ? ಅದನ್ನೇ ಬಲವೆಂದು ಲೋಲಕಕ್ಕೆ ಕೊಟ್ಟು ಅವಳ ಕೈಯಲ್ಲೇ ಲೆಕ್ಕ ಹಾಕಿಸಿದೆ. ವಾಲಿನ ಘನವನ್ನು 192ರಿಂದ ಭಾಗಿಸಿದಷ್ಟು ಬಂತು, 60 ಡಿಗ್ರಿಗೆ ಒಂದು ಡಿಗ್ರಿಯ ಮೂರನೇ ಒಂದು ಪಾಲು. ಬಿಡಬಹುದು. ಯಂತ್ರಕ್ಕೆ ಎರಡನೇ ಸ್ವಂತ ಆವೃತ್ತಿ (ತಾನಾಗಿ ಕಂಪಿಸುವ ಆವೃತ್ತಿ) ಇದ್ದು, ಅದು ಮೊದಲನೆಯದರ ಮೂರು ಪಟ್ಟಿನ ಹತ್ತಿರ ಇದ್ದರೆ ಕತೆ ಬೇರೆ. ಆಗ ಆ ಕಾಲು ಪಾಲೇ ಎರಡನೆಯದನ್ನು ಕುಣಿಸುತ್ತದೆ. ಅಂಥ ಕಡೆ ಎರಡು ಕೊಸೈನ್ ಇಟ್ಟೇ ಲೆಕ್ಕ ಶುರು ಮಾಡಿಸುತ್ತೇನೆ.